ಅಪ್ಪನಿಗೂ ಇದೇ ದಾಹ, ಮಗನಿಗೂ ಇದೇ ದಾಹ: ಜೀನ್ ಟೆಸ್ಟ್ ಬೇಕಾ?

ಪ್ರಶ್ನೆ: ಡಾಕ್ಟರೇ, ನಾವು ಹಾವೇರಿ ಕಡೆಯವರು. ಮಗನಿಗೆ ನಾಲ್ಕೂವರೆ ವರ್ಷ, ತೂಕ 15 ಕೆಜಿ. ಎರಡು ವರ್ಷದ ತನಕ ಚೆನ್ನಾಗಿಯೇ ಇದ್ದ. ಆಮೇಲೆ ನೀರಿನ ಹುಚ್ಚು ಹಿಡಿಯಿತು. ಈಗ ದಿನಕ್ಕೆ ನಾಲ್ಕೂವರೆ ಲೀಟರ್ ಬೇಕು, ಅಳೆದು ನೋಡಿದ್ದೇನೆ. ರಾತ್ರಿ ನಾಲ್ಕೈದು ಸಲ ಏಳುತ್ತಾನೆ, ಆದರೂ ಹಾಸಿಗೆ ಒದ್ದೆ. ನಮ್ಮ ಯಜಮಾನರೂ ಹೀಗೇ, ದಿನಕ್ಕೆ ಹತ್ತು ಲೀಟರ್ ಕುಡಿಯುತ್ತಾರೆ. ಮಾವನವರಿಗೂ ಇತ್ತಂತೆ, ಐವತ್ತು ದಾಟಿದ ಮೇಲೆ ಕಡಿಮೆಯಾಯಿತಂತೆ. "ನಮ್ಮದು ನೀರಿನ ವಂಶ" ಅಂತ ಮನೆಯಲ್ಲಿ ನಗುತ್ತಾರೆ. ಮಗನ ಶುಗರ್ ಎರಡು ಸಲ ನೋಡಿಸಿದೆವು, ನಾರ್ಮಲ್. ಅತ್ತೆ ಇದು ಚಟ ಅಂತ ಸಂಜೆ ಏಳರ ಮೇಲೆ ಚೊಂಬು ಎತ್ತಿಡುತ್ತಾರೆ. ಮೊನ್ನೆ ರಾತ್ರಿ ಹುಡುಕಿದರೆ ಬಚ್ಚಲಿನ ಬಕೆಟ್ಟಿಗೆ ಬಾಯಿ ಹಾಕಿ ಕುಡಿಯುತ್ತಿದ್ದ. ಡಾಕ್ಟರು ಎಂಆರ್‌ಐ ಮತ್ತು "ಎವಿಪಿ ಜೀನ್" ಟೆಸ್ಟ್ ಬರೆದಿದ್ದಾರೆ. ಜೀನ್ ಕೆಟ್ಟಿದ್ದರೆ ಹುಟ್ಟಿದಾಗಲೇ ಯಾಕೆ ಗೊತ್ತಾಗಲಿಲ್ಲ? ನನ್ನ ಕಡೆಯಿಂದ ಬಂದ ಜೀನ್ ಸರಿಯಿದೆ ತಾನೇ, ಅದು ಸಾಲದಾ? ಇನ್ನೊಂದು ಮಗು ಮಾಡಿಕೊಳ್ಳಬಹುದಾ? ಶಾಲೆಯಲ್ಲಿ ಟೀಚರ್ ಬೈಯುತ್ತಾರೆ, ಅವರಿಗೆ ಏನು ಹೇಳಲಿ?

ಉತ್ತರ: ಮೊದಲು ಆ ಚೊಂಬು ವಾಪಸ್ ಇಡಿ. ಇವತ್ತು ರಾತ್ರಿಯೇ. ಜೀನಿನ ಮಾತು ಆಮೇಲೆ.

ನೀವೇ ಅಳೆದ ಲೆಕ್ಕ ನೋಡಿ. ದಿನಕ್ಕೆ ನಾಲ್ಕೂವರೆ ಲೀಟರ್ ಅಂದರೆ ಗಂಟೆಗೆ ಹೆಚ್ಚುಕಡಿಮೆ 190 ಎಂಎಲ್. ಎಂಟು ಗಂಟೆ ನೀರು ಕೊಡದಿದ್ದರೂ ಮೂತ್ರ ಹೋಗುವುದು ನಿಲ್ಲುವುದಿಲ್ಲ. ಅದೇ ವೇಗದಲ್ಲಿ ಹೋದರೆ ಬೆಳಗಾಗುವಷ್ಟರಲ್ಲಿ ಒಂದೂವರೆ ಲೀಟರ್ ಕಳೆದಿರುತ್ತದೆ. ಹದಿನೈದು ಕೆಜಿಯ ಮಗುವಿಗೆ ಅದು ದೇಹದ ಹತ್ತರಲ್ಲೊಂದು ಪಾಲು. ವಾಂತಿಭೇದಿಯಾದ ಮಗುವಿನಲ್ಲಿ ಇಷ್ಟು ನೀರು ಕಳೆದಿದ್ದರೆ ನಾವು ತಕ್ಷಣ ಡ್ರಿಪ್ ಹಾಕುತ್ತೇವೆ. ನಿಮ್ಮ ಮಗ ಬಕೆಟ್ಟಿಗೆ ಬಾಯಿ ಹಾಕಿದ್ದು ಹಟದಿಂದಲ್ಲ. ತನ್ನ ಜೀವ ಕಾಪಾಡಿಕೊಂಡಿದ್ದಾನೆ, ಅಷ್ಟೇ. ಅತ್ತೆಯವರ ಮೇಲೆ ಕೋಪ ಬೇಡ. ಇಡೀ ಮನೆಯೇ ಅದನ್ನು ತಮಾಷೆ ಅಂದುಕೊಂಡಿರುವಾಗ ಅವರಿಗೆ ಬೇರೆ ಏನು ಅನ್ನಿಸೀತು?

ಇನ್ನೊಂದು ಲೆಕ್ಕವೂ ಅವರಿಗೆ ಹೇಳಿ. ಇದೇ ಪ್ರಮಾಣದಲ್ಲಿ 60 ಕೆಜಿ ತೂಕದವರು ಕುಡಿದರೆ ದಿನಕ್ಕೆ 18 ಲೀಟರ್ ಆಗುತ್ತದೆ. ಅಂಗಡಿಯಿಂದ ತರುವ ದೊಡ್ಡ ನೀರಿನ ಕ್ಯಾನ್ 20 ಲೀಟರ್. ಚಟಕ್ಕೆ ಯಾರೂ ದಿನಾ ಒಂದು ಕ್ಯಾನ್ ಖಾಲಿ ಮಾಡುವುದಿಲ್ಲ. ಅದೂ ನಿದ್ದೆಗೆಟ್ಟು.

ಪತ್ರ ಓದಿ ರೋಗ ಹೆಸರಿಸುವುದು ಸರಿಯಲ್ಲ ಅಂತ ನನಗೂ ಗೊತ್ತು. ಆದರೂ ನಿಮ್ಮ ಡಾಕ್ಟರು ಯಾವ ದಾರಿಯಲ್ಲಿ ಯೋಚಿಸಿದ್ದಾರೆ ಅಂತ ಕಾಣುತ್ತಿದೆ, ದಾರಿ ಸರಿಯಾಗಿಯೇ ಇದೆ. ಅವರ ಅನುಮಾನ ಡಯಾಬಿಟಿಸ್ ಇನ್ಸಿಪಿಡಸ್ ಮೇಲೆ. ಹೆಸರಲ್ಲಿ ಡಯಾಬಿಟಿಸ್ ಇದ್ದರೂ ಸಕ್ಕರೆ ಕಾಯಿಲೆಗೂ ಇದಕ್ಕೂ ನೆಂಟಸ್ತನವಿಲ್ಲ. ಹಿಂದಿನ ಕಾಲದ ವೈದ್ಯರು ಮೂತ್ರದ ರುಚಿ ನೋಡುತ್ತಿದ್ದರು. ಜೇನಿನ ಹಾಗೆ ಸಿಹಿಯಿದ್ದರೆ ಮೆಲ್ಲಿಟಸ್, ಸಪ್ಪೆಯಿದ್ದರೆ ಇನ್ಸಿಪಿಡಸ್ ಅಂದರು. ಈ ಹೆಸರಿನ ಗೊಂದಲದಿಂದ ಪೇಚಾಟ ಒಂದೆರಡಲ್ಲ. ನನ್ನ ರೋಗಿಯೊಬ್ಬರು ಕಾಲು ಮುರಿದು ಬೇರೆ ಆಸ್ಪತ್ರೆ ಸೇರಿದ್ದಾಗ, ಅಲ್ಲಿ ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ ಶುಗರ್ ನೋಡಿದರು. ನಿಜವಾಗಿ ಬೇಕಿದ್ದ ಮಾತ್ರೆಯನ್ನು ಎರಡು ದಿನ ಕೊಡಲೇ ಇಲ್ಲ. ಇಂಥ ಅನಾಹುತ ತಪ್ಪಿಸಬೇಕು ಅಂತಲೇ 2022ರಲ್ಲಿ ಹಾರ್ಮೋನು ತಜ್ಞರ ಸಂಘಟನೆಗಳು ಹೆಸರು ಬದಲಾಯಿಸಿದವು. ಈಗ ಇದು "ಎವಿಪಿ ಕೊರತೆ". ಮೂತ್ರಪಿಂಡ ಹಾರ್ಮೋನಿನ ಮಾತು ಕೇಳದಿದ್ದರೆ ಅದು "ಎವಿಪಿ ಪ್ರತಿರೋಧ".

ಎವಿಪಿ ಅಂದರೆ ಆರ್ಜಿನಿನ್ ವೇಸೊಪ್ರೆಸಿನ್. ಬರೀ ಒಂಬತ್ತು ಅಮೈನೊ ಆಮ್ಲಗಳ ಪುಟ್ಟ ಸರಪಳಿ. ಮೆದುಳಿನ ತಳದ ಹೈಪೊಥಲಾಮಸ್‌ನಲ್ಲಿ ಒಂದಷ್ಟು ದೊಡ್ಡ ನರಕೋಶಗಳು ಇದನ್ನು ತಯಾರಿಸುತ್ತವೆ. ಅವುಗಳ ಉದ್ದ ಬಾಲ ಪಿಟ್ಯುಟರಿ ಗ್ರಂಥಿಯ ಹಿಂಭಾಗದ ತನಕ ಇಳಿದಿರುತ್ತದೆ. ಹಾರ್ಮೋನು ಅಲ್ಲಿಂದ ರಕ್ತಕ್ಕೆ ಬೀಳುತ್ತದೆ. ಮೂತ್ರಪಿಂಡಕ್ಕೆ ಅದರ ಆಜ್ಞೆ ಒಂದೇ: ನೀರು ಉಳಿಸು. ಆಜ್ಞೆ ಬರದಿದ್ದರೆ ನೀರು ಸೋರಿಹೋಗುತ್ತದೆ. ಸೋರಿದ್ದಕ್ಕೆ ದಾಹ. ಕುಡಿದದ್ದಕ್ಕೆ ಮೂತ್ರ ಅಲ್ಲ, ಮೂತ್ರ ಹೋದದ್ದಕ್ಕೆ ಕುಡಿಯುವುದು. ಮನೆಯವರೆಲ್ಲ ಇದನ್ನು ತಿರುಗುಮುರುಗು ಮಾಡಿಕೊಂಡಿದ್ದಾರೆ.

ನಿಮ್ಮ ಪತ್ರದಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದ ಸಾಲು "ಯಜಮಾನರೂ ಹೀಗೇ" ಅನ್ನುವುದು. ಮೂತ್ರಪಿಂಡ ಮಾತು ಕೇಳದ ಬಗೆ ವಂಶದಲ್ಲಿ ಬಂದಾಗ ಬಹುಮಟ್ಟಿಗೆ ಎಕ್ಸ್ ಕ್ರೋಮೋಸೋಮಿನ ಮೂಲಕ ಬರುತ್ತದೆ, ತಾಯಿಯಿಂದ ಮಗನಿಗೆ. ಅಪ್ಪ ಮಗನಿಗೆ ಕೊಡುವುದು ವೈ ಕ್ರೋಮೋಸೋಮು, ಎಕ್ಸ್ ಅಲ್ಲ. ನಿಮ್ಮ ಮನೆಯಲ್ಲಿ ತಾತನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬಂದಿದೆ. ಹಾಗಾಗಿ ಆ ಬಗೆ ಬಹುತೇಕ ಪಕ್ಕಕ್ಕೆ ಸರಿಯಿತು. ಅದೂ ಅಲ್ಲದೆ ಅದು ಹುಟ್ಟಿದ ಕೆಲವೇ ವಾರ, ತಿಂಗಳಲ್ಲಿ ತೊಂದರೆ ಕೊಡುತ್ತದೆ. ನಿಮ್ಮ ಮಗ ಎರಡು ವರ್ಷ ಚೆನ್ನಾಗಿದ್ದ. ಉಳಿದದ್ದು ಎವಿಪಿ ಜೀನ್.

ಈ ಜೀನ್ 20ನೇ ಕ್ರೋಮೋಸೋಮಿನ ಗಿಡ್ಡ ತೋಳಿನ ತುದಿಯಲ್ಲಿದೆ. ಎರಡು ಸಾವಿರಕ್ಕೆ ಚೂರು ಜಾಸ್ತಿ ಡಿಎನ್‌ಎ ಅಕ್ಷರ, ಮೂರು ಎಕ್ಸಾನ್. ಎಕ್ಸಾನ್ ಅಂದರೆ ಪ್ರೋಟೀನಿನ ಒಕ್ಕಣೆ ಇರುವ ತುಂಡು. ಜೀನುಗಳ ಲೋಕದಲ್ಲಿ ಇದು ಚಿಕ್ಕ ಮನೆ. ಪಕ್ಕದ ಮನೆ ಆಕ್ಸಿಟೋಸಿನ್ ಜೀನಿನದು, ಹೆರಿಗೆ ನೋವು ಮತ್ತು ಎದೆಹಾಲಿನ ಹಾರ್ಮೋನು. ನಡುವೆ ಹತ್ತು ಹನ್ನೆರಡು ಸಾವಿರ ಅಕ್ಷರಗಳ ಹಿತ್ತಿಲು. ಎರಡೂ ಮನೆ ಬೆನ್ನಿಗೆ ಬೆನ್ನು ಹಾಕಿ ನಿಂತಿವೆ. ಒಂದನ್ನು ಓದುವ ದಿಕ್ಕಿಗೆ ಇನ್ನೊಂದನ್ನು ಓದುವ ದಿಕ್ಕು ಎದುರು. ಹಿಂದೆಂದೋ ಒಂದೇ ಜೀನ್ ಎರಡಾಗಿ ಹೀಗಾಗಿದೆ. ಇಷ್ಟು ಹತ್ತಿರವಿದ್ದರೂ ಸಾಮಾನ್ಯವಾಗಿ ಒಂದು ನರಕೋಶದಲ್ಲಿ ಒಂದೇ ಜೀನಿನ ದೀಪ ಉರಿಯುತ್ತದೆ, ಇನ್ನೊಂದರದ್ದು ಆರಿರುತ್ತದೆ. ಅಕ್ಕಪಕ್ಕದ ಕೋಶಗಳಲ್ಲಿ ಇದು ಅದಲುಬದಲು. ಆಕ್ಸಿಟೋಸಿನ್‌ಗೆ ಈ ಕಾಯಿಲೆಯಿಂದ ತೊಂದರೆಯಿಲ್ಲ. ಈ ಕಾಯಿಲೆಯ ಹೆಂಗಸರೂ ಸಾಮಾನ್ಯವಾಗಿ ಎಲ್ಲರಂತೆ ಹೆರುತ್ತಾರೆ, ಹಾಲುಣಿಸುತ್ತಾರೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಒಂಬತ್ತು ಅಮೈನೊ ಆಮ್ಲ ಮಾಡಲು ಮೂರು ಎಕ್ಸಾನ್ ಯಾಕೆ? ಯಾಕೆಂದರೆ ಜೀನ್ ನೇರವಾಗಿ ಹಾರ್ಮೋನು ಮಾಡುವುದಿಲ್ಲ. 164 ಅಮೈನೊ ಆಮ್ಲಗಳ ಒಂದು ಉದ್ದ ಸರಪಳಿ ಮಾಡುತ್ತದೆ. ಮೊದಲ 19, ಕೋಶದ ಒಳಗೆ ದಾರಿ ತೋರಿಸುವ ಚೀಟಿ. ಆಮೇಲಿನ 9, ನಮಗೆ ಬೇಕಾದ ಹಾರ್ಮೋನು. ಅದರ ಹಿಂದೆ 93 ಅಮೈನೊ ಆಮ್ಲಗಳ ನ್ಯೂರೊಫೈಸಿನ್. ಕೊನೆಗೆ 39ರ ಬಾಲ, ಅದರ ಹೆಸರು ಕೊಪೆಪ್ಟಿನ್. ಉಳಿದ ನಾಲ್ಕು, ತುಂಡುಗಳ ನಡುವೆ ಕತ್ತರಿ ಹಾಕುವ ಜಾಗ. ಮೊದಲ ಎಕ್ಸಾನಿನಲ್ಲಿ ಚೀಟಿ, ಹಾರ್ಮೋನು ಮತ್ತು ನ್ಯೂರೊಫೈಸಿನ್ನಿನ ಆರಂಭ. ಎರಡನೆಯದರಲ್ಲಿ ನ್ಯೂರೊಫೈಸಿನ್ನಿನ ನಡುಭಾಗ. ಮೂರನೆಯದರಲ್ಲಿ ಅದರ ಕೊನೆ ಮತ್ತು ಕೊಪೆಪ್ಟಿನ್.

ಈ ನ್ಯೂರೊಫೈಸಿನ್ ಸುಮ್ನೆ ಜೊತೆಗೆ ಬಂದ ಹೊರೆಯಲ್ಲ. ಹಾರ್ಮೋನನ್ನು ತನ್ನ ಸಂದಿಯಲ್ಲಿ ಹಿಡಿದುಕೊಂಡು ಪಿಟ್ಯುಟರಿ ತನಕ ತಲುಪಿಸುವುದು ಅದೇ. ಆದರೆ ಬಲು ಸೂಕ್ಷ್ಮ. ಏಳು ಕಡೆ ಗಂಧಕದ ಕೊಂಡಿ ಹಾಕಿಕೊಂಡು ಸರಿಯಾಗಿ ಮಡಚಿಕೊಳ್ಳಬೇಕು. ಒಂದು ಅಕ್ಷರ ತಪ್ಪಿದರೂ ಮಡಿಕೆ ಕೆಡಬಹುದು. 1991ರಲ್ಲಿ ಜಪಾನಿನ ಒಂದು ಕುಟುಂಬದಲ್ಲಿ ಸಿಕ್ಕ ದೋಷ ಇಂಥದ್ದೇ, ನ್ಯೂರೊಫೈಸಿನ್ನಿನಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ. ಆಮೇಲೆ 70ಕ್ಕೂ ಹೆಚ್ಚು ಬೇರೆ ಬೇರೆ ದೋಷಗಳು ಗೊತ್ತಾಗಿವೆ. ಹೆಚ್ಚಿನವು ನ್ಯೂರೊಫೈಸಿನ್ ಭಾಗದಲ್ಲಿ, ಕೆಲವು ದಾರಿಚೀಟಿಯಲ್ಲಿ. ಹಾರ್ಮೋನಿನ ಆ ಒಂಬತ್ತರಲ್ಲೇ ತಪ್ಪಿರುವುದು ಅಪರೂಪ. ಹಾಗಾಗಿ "ಹಾರ್ಮೋನಿನ ಜೀನ್ ಕೆಟ್ಟಿದೆ" ಅಂದರೂ ಎಷ್ಟೋ ಮನೆಗಳಲ್ಲಿ ಹಾರ್ಮೋನಿನ ಒಕ್ಕಣೆ ನೆಟ್ಟಗೇ ಇರುತ್ತದೆ. ಕೆಟ್ಟಿರುವುದು ಅದನ್ನು ಹೊತ್ತೊಯ್ಯುವವನ ಮೈಕಟ್ಟು.

"ನನ್ನ ಕಡೆಯ ಜೀನ್ ಸಾಲದಾ?" ಒಳ್ಳೆಯ ಪ್ರಶ್ನೆ. ನ್ಯಾಯವಾಗಿ ಸಾಲಬೇಕು. ಇಲಿಗಳಲ್ಲಿ ಅದಕ್ಕೆ ಸಾಕ್ಷಿಯೂ ಇದೆ. 1961ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಬ್ರಾಟಲ್‌ಬರೋದಲ್ಲಿ, ಪ್ರಯೋಗಾಲಯದ ಕೆಲವು ಇಲಿಗಳು ಸಿಕ್ಕಾಪಟ್ಟೆ ನೀರು ಕುಡಿಯುತ್ತಿರುವುದು ಕಣ್ಣಿಗೆ ಬಿತ್ತು. ಅವುಗಳ ಎವಿಪಿ ಜೀನಿನ ಎರಡನೇ ಎಕ್ಸಾನಿನಲ್ಲಿ ಒಂದೇ ಅಕ್ಷರ ಬಿಟ್ಟುಹೋಗಿದೆ ಅಂತ 1984ರಲ್ಲಿ ಗೊತ್ತಾಯಿತು. ಆ ಇಲಿಗಳಿಗೆ ಎರಡೂ ಪ್ರತಿ ಕೆಟ್ಟರೆ ಮಾತ್ರ ಕಾಯಿಲೆ. ಒಂದು ಪ್ರತಿ ಸರಿಯಿದ್ದರೆ ಹೆಚ್ಚುಕಡಿಮೆ ಎಲ್ಲ ಇಲಿಗಳಂತೆ ಇರುತ್ತವೆ. ಅಂದರೆ ಅರ್ಧ ಉತ್ಪಾದನೆ ಸಾಕು.

ಹಾಗಾದರೆ ನಿಮ್ಮ ಮಗನಿಗೆ ಯಾಕೆ ಸಾಲಲಿಲ್ಲ? ಮದುವೆ ಮನೆಯ ಅಡುಗೆ ಕೋಣೆ ನೆನೆಸಿಕೊಳ್ಳಿ. ಇಬ್ಬರು ಅಡುಗೆಯವರು. ಒಬ್ಬ ಕೈಕೊಟ್ಟು ಬರದೇ ಹೋದರೆ ಇನ್ನೊಬ್ಬ ಹೇಗೋ ನಿಭಾಯಿಸುತ್ತಾನೆ. ಆದರೆ ಆ ಮೊದಲನೆಯವನು ಕೆಲಸಕ್ಕೆ ಬಂದು, ಸೀದ ಪಾತ್ರೆಗಳನ್ನೆಲ್ಲ ಬಾಗಿಲಿಗೆ ಅಡ್ಡ ಪೇರಿಸುತ್ತಾ ಹೋದರೆ? ಒಳ್ಳೆಯವನು ಮಾಡಿದ ಅಡುಗೆಯೂ ಪಂಕ್ತಿಗೆ ಬರುವುದಿಲ್ಲ. ಮನುಷ್ಯರಲ್ಲಿ ಈ ಕಾಯಿಲೆ ಹೆಚ್ಚಾಗಿ ಹೀಗೆ. ತಪ್ಪಾಗಿ ಮಡಚಿಕೊಂಡ ಸರಪಳಿ ಕೋಶದೊಳಗಿನ ತಯಾರಿಕಾ ಕೊಠಡಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಕಸದಂತೆ ಪೇರುತ್ತದೆ. ಒಳ್ಳೆಯ ಜೀನಿನಿಂದ ಬಂದ ಸರಪಳಿಗೂ ದಾರಿ ಕಟ್ಟುತ್ತದೆ. ಕ್ರಮೇಣ ಕೋಶವೇ ಸೋಲುತ್ತದೆ. ಕೊರತೆಗಿಂತ ಕಸದ ಕಾಯಿಲೆ ಇದು.

ಹುಟ್ಟಿದಾಗಲೇ ಯಾಕೆ ಕಾಣಿಸಲಿಲ್ಲ ಅನ್ನುವುದಕ್ಕೂ ಉತ್ತರ ಇದರಲ್ಲೇ ಇದೆ. ಕಸ ತುಂಬಲು ಸಮಯ ಬೇಕು. ಮೊದಲ ತಿಂಗಳುಗಳಲ್ಲಿ ಕೋಶಗಳು ಗಟ್ಟಿಯಾಗಿರುತ್ತವೆ, ಹಾರ್ಮೋನು ಸಾಕಷ್ಟು ಬರುತ್ತದೆ. ಸಾಮಾನ್ಯವಾಗಿ ಒಂದರಿಂದ ಆರು ವರ್ಷದೊಳಗೆ ದಾಹ ಶುರುವಾಗುತ್ತದೆ. ಮಗನ ಕಥೆ ಪಠ್ಯದಲ್ಲಿ ಬರೆದಂತಿದೆ. ಗರ್ಭಿಣಿಯಾಗಿದ್ದಾಗ ನೀವು ಏನು ತಿಂದಿರಿ, ಏನು ಕುಡಿದಿರಿ ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ನೀವು ಕೇಳಿಲ್ಲ, ಆದರೆ ಯಾರೋ ಮನೆಯಲ್ಲಿ ಹೇಳಿಯೇ ಇರುತ್ತಾರೆ, ಅಲ್ವಾ?

ಈ ಜೀನ್ ಎಷ್ಟು ಕೆಲಸ ಮಾಡಬೇಕು ಅಂತ ನಿರ್ಧರಿಸುವುದು ರಕ್ತದ ಉಪ್ಪು. ಪ್ಲಾಸ್ಮಾ ಅಂದರೆ ರಕ್ತದ ದ್ರವಭಾಗ, ಅದರಲ್ಲಿ ಕರಗಿರುವ ಉಪ್ಪು ಮುಂತಾದವುಗಳ ಸಾಂದ್ರತೆ 280-285 ಮಿಲಿಆಸ್ಮೋಲ್ (ಅದರ ಅಳತೆ) ದಾಟಿದರೆ ಹಾರ್ಮೋನು ಬಿಡುಗಡೆ ಶುರು. ನೂರಕ್ಕೆ ಒಂದು ಪಾಲು ಏರಿದರೂ ಮೆದುಳಿಗೆ ಗೊತ್ತಾಗುತ್ತದೆ. ಸ್ವಲ್ಪ ಹೆಚ್ಚು ಏರಿದರೆ ದಾಹ. ರಕ್ತದ ಪ್ರಮಾಣ ಇಳಿದಾಗಲೂ ಹಾರ್ಮೋನು ಬರುತ್ತದೆ, ಆದರೆ ಅದಕ್ಕೆ ನೂರಕ್ಕೆ ಎಂಟು ಹತ್ತು ಪಾಲು ಇಳಿಯಬೇಕು. ಉಗ್ರಾಣದಿಂದ ಹೀಗೆ ಖರ್ಚಾಗುತ್ತಿದ್ದಂತೆ ಜೀನಿಗೂ ಆರ್ಡರ್ ಹೋಗುತ್ತದೆ. ಜೀನಿನ ಮುಂದೆ ಪ್ರೊಮೋಟರ್ ಅನ್ನುವ ಡಿಎನ್‌ಎ ತುಂಡಿದೆ, ಅದೇ ಸ್ವಿಚ್‌ಬೋರ್ಡ್. ಕೋಶ ಚುರುಕಾದಾಗ ಒಳಗೆ ಸೈಕ್ಲಿಕ್ ಎಎಂಪಿ ಅನ್ನುವ ಸಂದೇಶ ಏರುತ್ತದೆ, ಅದು ಈ ಬೋರ್ಡಿನ ಸ್ವಿಚ್ ಒತ್ತಿಸುತ್ತದೆ. ಉಪ್ಪುನೀರು ಕುಡಿಸಿದ ಇಲಿಗಳಲ್ಲಿ ಈ ಜೀನಿನ ಆರ್‌ಎನ್‌ಎ, ಅಂದರೆ ಪ್ರೋಟೀನ್ ಮಾಡಲು ತೆಗೆದ ನಕಲು, ಹೆಚ್ಚುವುದಷ್ಟೇ ಅಲ್ಲ, ಆ ನಕಲಿನ ಬಾಲವೂ ಉದ್ದವಾಗುತ್ತದೆ. ಮೆದುಳಿನಲ್ಲಿ ಹಗಲು ರಾತ್ರಿ ನೋಡಿಕೊಳ್ಳುವ ಗಡಿಯಾರದ ಭಾಗದಲ್ಲೂ ಇದೇ ಜೀನ್ ಇದೆ. ಅಲ್ಲಿ ಅದು ಕೇಳುವುದು ಗಡಿಯಾರದ ಮಾತು, ಉಪ್ಪಿನ ಮಾತಲ್ಲ. ಒಂದೇ ಜೀನ್, ಊರಿಗೊಂದು ಯಜಮಾನ.

ಇದನ್ನೆಲ್ಲ ಹೇಳಿದ್ದಕ್ಕೆ ಕಾರಣವಿದೆ. "ನೀರು ಕಡಿಮೆ ಮಾಡಿದರೆ ದೇಹ ತಾನೇ ಕಲಿಯುತ್ತೆ" ಅನ್ನುವವರು ಬಹಳ. ಸರಿಯಾದ ಜೀನ್ ಇದ್ದವರಲ್ಲಿ ಆ ಮಾತಿಗೆ ಅರ್ಥವಿದೆ. ನಿಮ್ಮ ಮಗನಲ್ಲಿ ನೀರು ತಡೆದರೆ ಜೀನಿಗೆ ಇನ್ನಷ್ಟು ಆರ್ಡರ್ ಹೋಗುತ್ತದೆ. ಕೆಟ್ಟ ಪ್ರತಿಯೂ ಇನ್ನಷ್ಟು ದುಡಿಯುತ್ತದೆ. ಅದರಿಂದ ಹೊರಬರುವುದು ಹಾರ್ಮೋನಲ್ಲ, ಕಸ.

ಇನ್ನು ಟೆಸ್ಟುಗಳು. ಎಂಆರ್‌ಐ ಮಾಡಿಸಿ. ಮಕ್ಕಳಲ್ಲಿ ಪಿಟ್ಯುಟರಿ ಹತ್ತಿರದ ಗೆಡ್ಡೆಯಿಂದಲೂ ಇದೇ ಲಕ್ಷಣ ಬರುತ್ತದೆ. ವಂಶದಲ್ಲಿದೆ ಅಂತ ಅದನ್ನು ಹುಡುಕದೆ ಬಿಡುವುದು ನನಗೆ ಒಗ್ಗುವುದಿಲ್ಲ. ನೀರು ಕೊಡದೆ ಮಾಡುವ ಪರೀಕ್ಷೆ ಆಸ್ಪತ್ರೆಯಲ್ಲಿ, ಗಂಟೆಗಂಟೆಗೆ ತೂಕ ಮತ್ತು ಸೋಡಿಯಂ (ರಕ್ತದ ಉಪ್ಪು) ನೋಡುತ್ತಾ ಮಾತ್ರ. ಮನೆಯಲ್ಲಿ "ಟ್ರೈ ಮಾಡಿ ನೋಡೋಣ" ಬೇಡವೇ ಬೇಡ. ಕೆಲವು ಕಡೆ ರಕ್ತದಲ್ಲಿ ಕೊಪೆಪ್ಟಿನ್ ಅಳೆಯುತ್ತಾರೆ. ಅದೇ 39ರ ಬಾಲ. ಒಂದು ಹಾರ್ಮೋನಿಗೆ ಒಂದು ಬಾಲ ಹೊರಬರುತ್ತದೆ. ಹಾರ್ಮೋನು ಬೇಗ ಕರಗಿಹೋಗುತ್ತದೆ, ಬಾಲ ಟ್ಯೂಬಿನಲ್ಲಿ ಗಟ್ಟಿಯಾಗಿ ಉಳಿಯುತ್ತದೆ. ಅದಕ್ಕೇ ಲ್ಯಾಬಿನವರಿಗೆ ಬಾಲದ ಮೇಲೆ ಪ್ರೀತಿ.

ಜೀನ್ ಟೆಸ್ಟ್ ಬೇಕಾ ಅಂದರೆ, ನಿಮ್ಮಂಥ ಮನೆಗೆ ಬೇಕು ಅನ್ನುತ್ತೇನೆ. ಆದರೆ ಮೊದಲು ಯಜಮಾನರದ್ದು ಮಾಡಿಸಿ. ದೊಡ್ಡವರ ರಕ್ತ ತೆಗೆಯುವುದು ಸುಲಭ, ಅವರ ಲಕ್ಷಣಗಳೂ ಸ್ಪಷ್ಟವಾಗಿವೆ. ಅವರಲ್ಲಿ ತಪ್ಪು ಅಕ್ಷರ ಸಿಕ್ಕರೆ ಮಗನಲ್ಲಿ ಆ ಒಂದು ಜಾಗ ನೋಡಿದರೆ ಸಾಕು. ಸಾವಿರಾರು ಜೀನುಗಳ ದುಬಾರಿ ಪ್ಯಾಕೇಜ್ ಮೊದಲಿಗೇ ಬೇಡ, ಮೂರು ಎಕ್ಸಾನಿನ ಚಿಕ್ಕ ಜೀನ್ ಇದು. ರಿಪೋರ್ಟಿನಲ್ಲಿ "ವೇರಿಯಂಟ್ ಆಫ್ ಅನ್‌ಸರ್ಟನ್ ಸಿಗ್ನಿಫಿಕೆನ್ಸ್" ಅಂತ ಬಂದರೆ ಗಾಬರಿ ಬೀಳಬೇಡಿ. ಬದಲಾವಣೆ ಸಿಕ್ಕಿದೆ, ಅದೇ ಅಪರಾಧಿ ಅಂತ ಇನ್ನೂ ಸಾಬೀತಾಗಿಲ್ಲ ಅಂತ ಅರ್ಥ. ಆಗ ಮಾವನವರ ರಕ್ತವೂ ಸಾಕ್ಷಿಗೆ ಬರುತ್ತದೆ.

ಮಾವನವರ ವಿಷಯ ಬಂತಲ್ಲ. ಕೆಲವರಲ್ಲಿ ನಡುವಯಸ್ಸು ದಾಟಿದ ಮೇಲೆ ಮೂತ್ರ ತಾನಾಗಿ ಕಡಿಮೆಯಾಗುವುದುಂಟು. ಆದರೆ ಮೂತ್ರಪಿಂಡ ಸೋತಾಗಲೂ ಹಾಗಾಗುತ್ತದೆ. ಅವರ ಕ್ರಿಯೇಟಿನಿನ್, ಅಂದರೆ ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ, ಒಮ್ಮೆ ನೋಡಿಸಿಬಿಡಿ.

ಔಷಧಿ ಇದೆ, ಚೆನ್ನಾಗಿಯೂ ಇದೆ. ಹೆಸರು ಡೆಸ್ಮೊಪ್ರೆಸಿನ್. ಎವಿಪಿಯ ಮೊದಲ ಮತ್ತು ಎಂಟನೇ ಕೊಂಡಿಯನ್ನು ಚೂರು ತಿದ್ದಿ ಮಾಡಿದ್ದು. ಹಾಗಾಗಿ ಹೆಚ್ಚು ಹೊತ್ತು ಕೆಲಸ ಮಾಡುತ್ತದೆ, ರಕ್ತದೊತ್ತಡ ಏರಿಸುವುದಿಲ್ಲ. ಮೂಗಿಗೆ ಸ್ಪ್ರೇ, ನುಂಗುವ ಮಾತ್ರೆ, ನಾಲಗೆ ಕೆಳಗೆ ಕರಗುವ ಮಾತ್ರೆ ಇವೆ. ಸ್ಪ್ರೇಯ ಡೋಸಿಗೂ ಮಾತ್ರೆಯ ಡೋಸಿಗೂ ಅಜಗಜಾಂತರ. ಒಂದರ ಅಂಕಿ ಇನ್ನೊಂದಕ್ಕೆ ಹಾಕಬೇಡಿ. ಅಂಗಡಿಯವರು "ಇದೂ ಅದೇ" ಅಂದರೂ ಡಾಕ್ಟರಿಗೆ ಫೋನ್ ಮಾಡಿ. ಮಾತ್ರೆ ಸಿಕ್ಕ ವಾರದಲ್ಲೇ ಮಕ್ಕಳು ಬೇರೆಯಾಗುವುದನ್ನು ನೋಡಿದ್ದೇನೆ. ಒಬ್ಬ ತಾಯಿ ಹೇಳಿದ್ದು ನೆನಪಿದೆ: "ಸರ್, ಇವಳು ಮೊದಲನೇ ಸಲ ಅನ್ನ ಕೇಳಿದಳು. ಇಲ್ಲಿತನಕ ಹೊಟ್ಟೇಲಿ ನೀರಿಗೇ ಜಾಗ ಆಗ್ತಿತ್ತು."

ಅಪಾಯ ಏನೆಂದರೆ, ಔಷಧಿ ನೀರು ಹಿಡಿದಿಟ್ಟಿರುವಾಗ ಹಳೇ ಅಭ್ಯಾಸದಂತೆ ಕುಡಿಯುತ್ತಾ ಹೋದರೆ ಸೋಡಿಯಂ ಕುಸಿಯುತ್ತದೆ. ತಲೆನೋವು, ವಾಂತಿ, ಮಂಪರು, ಕೊನೆಗೆ ಫಿಟ್ಸ್. ಅದಕ್ಕೇ ಚಿಕ್ಕ ಡೋಸಿನಿಂದ ಶುರು. ಮುಂದಿನ ಡೋಸಿಗೆ ಮೊದಲು ಒಮ್ಮೆ ಧಾರಾಳ ಮೂತ್ರ ಹೋಗಲಿ, ಆಮೇಲೆ ಕೊಡಿ. ಔಷಧಿ ಶುರುವಾದ ಮೇಲೆ ದಾಹ ಇದ್ದಷ್ಟೇ ನೀರು, ಒತ್ತಾಯ ಬೇಡ. ಜ್ವರ, ವಾಂತಿಭೇದಿ, ಆಪರೇಷನ್, ಡ್ರಿಪ್ ಅಂದಾಗೆಲ್ಲ ಮೊದಲು ಈ ಕಾಯಿಲೆಯ ಹೆಸರು ಹೇಳಿ.

ಔಷಧಿ ಇಲ್ಲದೆ, ಬರೀ ನೀರಿನ ಮೇಲೆ ಬದುಕುವುದೂ ಒಂದು ದಾರಿ. ಯಜಮಾನರು ಅದನ್ನೇ ಮಾಡಿದ್ದಾರೆ. ದಾಹ ಸರಿಯಿದ್ದು, ನೀರು ಕೈಗೆಟುಕುವಷ್ಟು ದಿನ ದೊಡ್ಡವರಿಗೆ ನಡೆಯುತ್ತದೆ. ಪ್ರಜ್ಞೆ ತಪ್ಪಿದ ದಿನ ನಡೆಯುವುದಿಲ್ಲ. ಬೆಳೆಯುವ ಮಗುವಿಗಂತೂ ನಿದ್ದೆ, ಊಟ, ಎತ್ತರ ಎಲ್ಲಕ್ಕೂ ಪೆಟ್ಟು, ಹಾಗಾಗಿ ನಾನು ಒಪ್ಪುವುದಿಲ್ಲ. ಬೇಗ ಔಷಧಿ ಕೊಟ್ಟರೆ ಜೀನಿನ ಮೇಲೆ ಒತ್ತಡ ತಗ್ಗಿ ಕೋಶ ಉಳಿಯಬಹುದು ಅನ್ನುವ ಆಸೆಯೂ ನಮಗಿದೆ. ಮನುಷ್ಯರಲ್ಲಿ ಸಾಬೀತಾಗಿಲ್ಲ, ಆ ಆಸೆಗಾಗಿ ಔಷಧಿ ತೆಗೆದುಕೊಳ್ಳಿ ಅನ್ನಲಾರೆ. ರಾತ್ರಿ ನಿದ್ದೆಗಾಗಿ ತೆಗೆದುಕೊಳ್ಳಿ.

ಇನ್ನೊಂದು ಮಗು ಖಂಡಿತ ಮಾಡಿಕೊಳ್ಳಬಹುದು. ಎವಿಪಿ ಜೀನೇ ಕಾರಣವಾಗಿದ್ದು, ಈ ಮನೆಯಲ್ಲಿ ಕಾಣುವಂತೆ ಬರುತ್ತಿದ್ದರೆ, ಪ್ರತಿ ಸಲ ಸಾಧ್ಯತೆ ನೂರಕ್ಕೆ ಐವತ್ತು. "ಮೊದಲನೇದಕ್ಕೆ ಬಂದಾಯ್ತು, ಎರಡನೇದಕ್ಕೆ ಬರಲ್ಲ" ಅನ್ನುವುದು ಸುಳ್ಳು. ನಾಣ್ಯಕ್ಕೆ ಹಿಂದಿನ ಚಿಮ್ಮುವಿಕೆ ನೆನಪಿರುವುದಿಲ್ಲ. ಹುಡುಗ, ಹುಡುಗಿ ಭೇದವೂ ಇಲ್ಲ. ಇದಕ್ಕಾಗಿ ಗರ್ಭದಲ್ಲೇ ಪರೀಕ್ಷೆ ಮಾಡಿಸಿ ಅಂತ ನಾನು ಹೇಳುವುದಿಲ್ಲ, ಔಷಧಿಯಿಂದ ಚೆನ್ನಾಗಿ ಬದುಕುವ ಕಾಯಿಲೆ ಇದು. ಯಜಮಾನರ ತಪ್ಪು ಅಕ್ಷರ ಗೊತ್ತಿದ್ದರೆ, ಮಗು ಹುಟ್ಟಿದ ಮೇಲೆ ಸ್ವಲ್ಪ ರಕ್ತದಲ್ಲೇ ತಿಳಿಯುತ್ತದೆ. ಇದ್ದರೆ ಮೊದಲ ದಾಹಕ್ಕೇ ಗುರುತು ಹಿಡಿಯುತ್ತೀರಿ. ಇಲ್ಲದಿದ್ದರೆ ಆ ಮಗು ಚೊಂಬು ಎತ್ತಿದಾಗಲೆಲ್ಲ ಎದೆ ಹೊಡೆದುಕೊಳ್ಳುವುದು ತಪ್ಪುತ್ತದೆ.

ಟೀಚರಿಗೆ ಬಾಯಲ್ಲಿ ಹೇಳಬೇಡಿ, ಡಾಕ್ಟರ ಸಹಿ ಹಾಕಿಸಿ ಚೀಟಿ ಕೊಡಿ. ಇಷ್ಟು ಸಾಕು: "ಈ ಮಗುವಿಗೆ ನೀರಿನ ಹಾರ್ಮೋನಿನ ತೊಂದರೆ ಇರುವ ಅನುಮಾನವಿದೆ, ಪರೀಕ್ಷೆ ನಡೆಯುತ್ತಿದೆ. ಇದು ಸಕ್ಕರೆ ಕಾಯಿಲೆಯಲ್ಲ. ಕೇಳಿದಾಗ ನೀರು ಕುಡಿಯಲು, ಕೇಳಿದಾಗ ಬಚ್ಚಲಿಗೆ ಹೋಗಲು ಬಿಡಿ. ತರಗತಿಯಲ್ಲಿ ಮಂಕಾಗಿ ಕೂತರೆ, ವಾಂತಿ ಮಾಡಿದರೆ, ಮಲಗಿಬಿಟ್ಟರೆ ಕಾಯಬೇಡಿ, ಕೂಡಲೇ ತಾಯಿಗೆ ಫೋನ್ ಮಾಡಿ." ಕೆಳಗೆ ನಿಮ್ಮ ನಂಬರ್ ಬರೆಯಿರಿ. ಇನ್ನೊಂದು ಪ್ರತಿ ಅವನ ಬ್ಯಾಗಿನಲ್ಲಿ ಇರಲಿ, ಪ್ಲಾಸ್ಟಿಕ್ ಕವರ್ ಹಾಕಿ, ಹೇಗೂ ಪಕ್ಕದಲ್ಲಿ ನೀರಿನ ಬಾಟಲಿ ಇರುತ್ತದೆ.